ಠಾಣೆ, ಆಸ್ಪತ್ರೆ, ಸಖಿ, ಕೋರ್ಟು: ಎಲ್ಲರಿಗೂ ಒಂದೇ ಕಡತ ಬೇಕೇ?

ಮಲೆನಾಡ ವಕೀಲೆ:
ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಗಳು ಠಾಣೆ, ಆಸ್ಪತ್ರೆ, ಸಖಿ ಕೇಂದ್ರ (ನೊಂದ ಹೆಣ್ಣುಮಕ್ಕಳಿಗೆ ಒಂದೇ ಕಡೆ ನೆರವು ಕೊಡುವ ಸರ್ಕಾರಿ ಕೇಂದ್ರ), ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ಎಂದು ನಾಲ್ಕು ಕಡೆ ಅದನ್ನೇ ಹೇಳಬೇಕು. ಪ್ರತಿ ಸಲ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ, ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿಯುವುದೇ ಅದನ್ನು. ಎಲ್ಲರೂ ನೋಡುವಂಥ ಒಂದೇ ಕಡತ ಮಾಡಿದರೆ ಏನು ತೊಂದರೆ?

ಗದಗಿನ ಸಮಾಲೋಚಕಿ:
ತೊಂದರೆ ಇದೆ ಮೇಡಂ. ಸಣ್ಣ ಊರಿನ ಠಾಣೆಯಲ್ಲಿ ಗಂಡನ ಕಡೆಯವರ ಪರಿಚಯಸ್ಥರು ಒಬ್ಬರಾದರೂ ಇರುತ್ತಾರೆ. ಆಕೆಯ ಹೊಸ ನಂಬರು, ತಂಗಿರುವ ಜಾಗ ಕಡತದಲ್ಲಿದ್ದರೆ ಸಂಜೆಯೊಳಗೆ ಅವನ ಕಿವಿಗೆ ಬಿದ್ದಿರುತ್ತದೆ. ಕಡತ ಬೇಡ, ಆಕೆಗಾದ ಹಿಂಸೆಯನ್ನು ದಾಖಲಿಸುವ ಘಟನಾ ವರದಿ ಸಾಕು. ಸಂರಕ್ಷಣಾಧಿಕಾರಿ ನಮೂನೆ 1ರಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕೊಟ್ಟು, ಪ್ರತಿಯನ್ನು ಠಾಣೆಗೆ ಕಳಿಸಬೇಕು ಎಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ. ನೋಂದಾಯಿತ ಸೇವಾ ಸಂಸ್ಥೆಯೂ ಅದನ್ನು ಬರೆಯಬಹುದು, ಆದರೆ ಆಕೆ ಬಯಸಿದರೆ ಮಾತ್ರ.

ಹಳೇ ಪಿಎಸ್‌ಐ:
ಠಾಣೆಯನ್ನು ಬೈಯುವುದು ಸುಲಭ. ಆಕೆಗೆ ಹಿಂಸೆ ಕೊಡಬಾರದೆಂದು ಕೋರ್ಟು ಕೊಟ್ಟ ರಕ್ಷಣಾ ಆದೇಶ ಮುರಿದವನ ಮೇಲೆ ಅದೇ ಕಾಯ್ದೆಯ ಸೆಕ್ಷನ್ 31ರಲ್ಲಿ ಕೇಸು ಹಾಕಬಹುದು, ಅದು ಜಾಮೀನುರಹಿತ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ರಾತ್ರಿ ಹನ್ನೊಂದಕ್ಕೆ ಆಕೆ 112ಕ್ಕೆ ಫೋನ್ ಮಾಡಿದಾಗ ಠಾಣೆಯಲ್ಲಿ ಆದೇಶದ ಪ್ರತಿಯೇ ಇರುವುದಿಲ್ಲ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಏನು ನೋಡಿ ಬರೆಯಬೇಕು?

ಮಲೆನಾಡ ವಕೀಲೆ:
ಪ್ರತಿ ಕಳಿಸುವುದು ಕೋರ್ಟಿನ ಹೊಣೆ ಸರ್, ಅದೂ ಉಚಿತವಾಗಿ, ಸೆಕ್ಷನ್ 24. ಆದರೂ ನಮ್ಮವರದೂ ತಪ್ಪಿದೆ. ಜೀವನಾಂಶಕ್ಕೆ ನಾಲ್ಕು ಪುಟ ಬರೆಯುವ ವಕೀಲರು, ಆದೇಶ ಜಾರಿಗೆ ಪೊಲೀಸ್ ನೆರವು ಕೇಳುವ 19(7)ರ ಒಂದು ಸಾಲು ಬಿಟ್ಟುಬಿಡುತ್ತಾರೆ. ಠಾಣೆಯ ಹೆಸರು ಹಾಕಿ ಕೇಳಬೇಕು. ದೃಢೀಕೃತ ಪ್ರತಿ ಸಿಕ್ಕ ದಿನವೇ ಠಾಣೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು.

ಸ್ಟಾಫ್ ನರ್ಸ್ ಕಲಬುರಗಿ:
ಲೈಂಗಿಕ ದೌರ್ಜನ್ಯದಲ್ಲಿ ಕಾಗದಕ್ಕಿಂತ ಗಡಿಯಾರ ಮುಖ್ಯ. ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಸ್ವ್ಯಾಬ್ (ಮೈಮೇಲಿನ ಸಾಕ್ಷ್ಯದ ಮಾದರಿ) ತೆಗೆಯುವುದಕ್ಕೆ 2014ರ ಕೇಂದ್ರ ಮಾರ್ಗಸೂಚಿ ಕೊಟ್ಟಿರುವುದು 96 ಗಂಟೆ. ಇಷ್ಟಿದ್ದೂ "ಮೊದಲು ಎಫ್‌ಐಆರ್ ತನ್ನಿ" ಎಂದು ವಾಪಸ್ ಕಳಿಸುವವರಿದ್ದಾರೆ. ಪರೀಕ್ಷೆಗೆ ಎಫ್‌ಐಆರ್ ಬೇಕಿಲ್ಲ, ಚಿಕಿತ್ಸೆ ನಿರಾಕರಿಸುವುದೇ ಅಪರಾಧ. ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ಕಿಗೆ ತುಂಬಿದರೆ ತೇವಕ್ಕೆ ಬೂಷ್ಟು ಹಿಡಿದು ಸಾಕ್ಷ್ಯ ಹಾಳು.

ಗದಗಿನ ಸಮಾಲೋಚಕಿ:
ಆಕೆ ಪೊಲೀಸರು ಬೇಡ ಎಂದರೆ?

ಸ್ಟಾಫ್ ನರ್ಸ್ ಕಲಬುರಗಿ:
ಠಾಣೆಗೆ ತಿಳಿಸುವ ಹೊಣೆ ಆಸ್ಪತ್ರೆಗೆ ತಪ್ಪದು ಅಕ್ಕ. ಆದರೆ ತಿಳಿಸುವುದು ಬೇರೆ, ದೂರು ಕೊಡುವುದು ಬೇರೆ. ಚಿಕಿತ್ಸೆ, ಪರೀಕ್ಷೆ, ಪೊಲೀಸ್ ಮಾಹಿತಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಕೇಳಿ, ಬೇಡವೆಂದದ್ದನ್ನೂ ಸ್ಪಷ್ಟವಾಗಿ ಬರೆದುಕೊಳ್ಳಬೇಕು. 18 ದಾಟದ ಹುಡುಗಿಯಾದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬರುತ್ತದೆ, ಅಲ್ಲಿ ಆಯ್ಕೆಯೇ ಇಲ್ಲ.

ಹಳೇ ಪಿಎಸ್‌ಐ:
ತಿಂಗಳಿಗೊಮ್ಮೆ ಡಿಸಿ ಕಚೇರಿಯಲ್ಲಿ ಎಲ್ಲ ಇಲಾಖೆಯವರೂ ಕೂತರೆ ಇದೆಲ್ಲ ಸರಿಹೋಗುತ್ತದೆ.

ಮಲೆನಾಡ ವಕೀಲೆ:
ಸಭೆಯಲ್ಲಿ ಅಂಕಿಅಂಶ ಓದಿ, ಟೀ ಕುಡಿದು ಎದ್ದು ಬರುತ್ತಾರೆ, ಅಷ್ಟೇ. ಗಂಟು ಇರುವುದು ಸಿಡಿಪಿಒ ಮೇಜಿನಲ್ಲಿ. ತಾಲ್ಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವವರೇ ಸಂರಕ್ಷಣಾಧಿಕಾರಿ. ಕೋರ್ಟಿನ ನೋಟಿಸು ಸಿಕ್ಕ 2 ದಿನದೊಳಗೆ ಎದುರುಪಕ್ಷಕ್ಕೆ ಮುಟ್ಟಿಸುವುದೂ ಅವರದೇ ಕೆಲಸ. ಅದು ತಡವಾದರೆ 60 ದಿನದಲ್ಲಿ ಅರ್ಜಿ ಮುಗಿಸಬೇಕೆಂಬ ನಿಯಮ ಕಾಗದದಲ್ಲೇ ಉಳಿಯುತ್ತದೆ. ಕರ್ತವ್ಯಲೋಪಕ್ಕೆ ಶಿಕ್ಷೆ ಇದೆ, ಆದರೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೇಸು ನಡೆಯದು.

ಗದಗಿನ ಸಮಾಲೋಚಕಿ:
ಹಾಗೆಂದು ಘಟನಾ ವರದಿಗಾಗಿ ಕಾಯುತ್ತ ಕೂರಬೇಕಿಲ್ಲ. ಅದಿಲ್ಲದೆಯೂ ಮ್ಯಾಜಿಸ್ಟ್ರೇಟರಲ್ಲಿ ಪರಿಹಾರ ಕೇಳುವ ಸೆಕ್ಷನ್ 12ರ ಅರ್ಜಿ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತುರ್ತಿದ್ದರೆ ನಮೂನೆ 3ರ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ, ಎದುರುಪಕ್ಷ ಬರುವ ಮುಂಚೆಯೇ ಮಧ್ಯಂತರ ಆದೇಶ ಕೇಳಿ.

ಮಲೆನಾಡ ವಕೀಲೆ:
ಒಪ್ಪಿದೆ, ಒಂದೇ ಕಡತದ ಮಾತು ಬಿಟ್ಟೆ. ಆದರೆ ಆಸ್ಪತ್ರೆಯ ಗಾಯದ ವಿವರವಾದರೂ ಆಕೆಯ ಸಹಿ ಪಡೆದು ಸಖಿಗೂ ಬರಲಿ. ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಎಲ್ಲಿ ಎಂದು ಬರೆದಿರಬೇಕು. "ಸಣ್ಣ ಗಾಯ" ಎಂದಷ್ಟೇ ಬರೆದ ಚೀಟಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.