ರಬ್ಬರ್ ಮ್ಯಾಟ್: ಮೊದಲು ಬ್ರಷ್ಷಾ, ನೀರಾ?

ತೋರಣಗಲ್ಲು ದಾರಿ
ಸಂಡೂರು–ತೋರಣಗಲ್ಲು ಕಡೆ ದಿನಾ ಓಡಾಡೋ ಕಾರು. ಅದಿರಿನ ಕೆಂಪು ಧೂಳು ರಬ್ಬರ್ ಮ್ಯಾಟಿನ ಗೀರುಗಳಲ್ಲಿ ಕೂತುಬಿಡುತ್ತೆ. ಈ ಚಳಿಯಲ್ಲಿ ಸಂಜೆ ತೊಳೆದರೆ ಬೆಳಿಗ್ಗೆ ಗಾಜಿನ ಒಳಗೆಲ್ಲ ಮಂಜು. ನೇರ ಪ್ರೆಷರ್ ನೀರು ಹೊಡೆದರೆ ಸಾಕಾಗಲ್ವಾ?

ಬಳ್ಳಾರಿ ಗ್ಯಾರೇಜ್
ಮೊದಲು ನೀರು ಬ್ಯಾಡ್ರಿ. ಅದಿರಿನ ಧೂಳಿನಲ್ಲಿರೋದು ಕಬ್ಬಿಣದ ಆಕ್ಸೈಡ್, ಸೋಪಿಗೆ ಕರಗಲ್ಲ. ಉಜ್ಜಿ ಎಬ್ಬಿಸಿದರೆ ಮಾತ್ರ ಬರುತ್ತೆ. ಒಣಗಿದ ಮ್ಯಾಟನ್ನು ಕಾರಿನಿಂದ ದೂರ ಒಯ್ದು, ಬೋರಲು ಹಾಕಿ ತಟ್ಟಿ, ನೈಲಾನ್ ಬ್ರಷ್‌ನಿಂದ ಗೀರಿನ ಉದ್ದಕ್ಕೇ ಎಳೀರಿ. ಅಡ್ಡ ಉಜ್ಜಿದರೆ ಧೂಳು ಪಕ್ಕದ ಗೀರಿಗೆ ಹೋಗುತ್ತೆ ಅಷ್ಟೇ. ಆಮೇಲೆ 10 ಲೀಟರ್ ಉಗುರುಬೆಚ್ಚಗಿನ ನೀರಿಗೆ 20–30 ಮಿ.ಲೀ. ಕಾರ್ ಶಾಂಪೂ. ಚಳಿಗೆ ರಬ್ಬರ್ ಬಿರುಸಾಗಿರುತ್ತೆ, ಬೆಚ್ಚಗಿನ ನೀರಿಗೆ ಸ್ವಲ್ಪ ಮೆತ್ತಗಾಗಿ ಗೀರು ತೆರೆದುಕೊಳ್ಳುತ್ತೆ. ಕುದಿಯೋ ನೀರು ಹಾಕಿದರೆ ಮ್ಯಾಟ್ ಸೊಟ್ಟಗಾಗುತ್ತೆ.

ಸಿಂಧನೂರು ಎರೆ
ಧೂಳಿಗೆ ಇದು ಸರಿ ಸರ್. ನಮ್ಮ ಕಡೆ ನೆಲ್ಲು ಕೊಯ್ಯೋ ಹೊತ್ತಿಗೆ ಗದ್ದೆಯಿಂದ ಹತ್ತೋದು ಹಸಿ ಎರೆಮಣ್ಣು. ಅದನ್ನು ಒಣಗಿಸಿ ಕೂಡಬಾರದು, ಹಸಿ ಇದ್ದಾಗಲೇ ಪೈಪ್ ಹಿಡಿದರೆ ಹೋಗುತ್ತೆ.

ಬಳ್ಳಾರಿ ಗ್ಯಾರೇಜ್
ಅಣ್ಣಾ, ಎರೆಮಣ್ಣು ನೀರು ಕುಡಿದಷ್ಟೂ ಉಬ್ಬಿ ಅಂಟುತ್ತೆ. ಒಣಗಿದರೆ ತಾನೇ ಕುಗ್ಗಿ ಬಿರುಕು ಬಿಡುತ್ತೆ. ಆಗ ಮ್ಯಾಟನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿದರೆ ಹೆಂಟೆ ಹೆಂಟೆಯಾಗಿ ಉದುರುತ್ತೆ, ನೀರೂ ಉಳಿಯುತ್ತೆ.

ಗಂಗಾವತಿ ಗೇರ್
ಇಬ್ಬರದೂ ಅರ್ಧ ಸರಿ. ಪೂರ್ತಿ ಹಸಿ ಇದ್ದರೆ ಜೋರು ನೀರಿಗೆ ಹೋಗುತ್ತೆ, ಪೂರ್ತಿ ಒಣಗಿದರೆ ಉದುರುತ್ತೆ. ಕೆಡಿಸೋದು ಅರೆಹಸಿ: ಬ್ರಷ್ ಹಾಕಿದರೆ ಮೆತ್ತಿದಂಗೆ ಆಗುತ್ತೆ. ಪ್ರೆಷರ್ ಗನ್ ಆದರೆ ಒಂದು ಅಡಿಗಿಂತ ಹತ್ತಿರ ಹಿಡೀಬ್ಯಾಡ್ರಿ. ನೆಲ್ಲಿನ ಹೊಟ್ಟು ಗೀರಿನಲ್ಲಿ ಸಿಕ್ಕಿದ್ದರೆ ನೀರಿಗೆ ಮೊದಲೇ ಕಡ್ಡಿಯಿಂದ ತೆಗೀರಿ, ನೆನೆದರೆ ಅಲ್ಲೇ ಕಚ್ಚಿಕೊಳ್ಳುತ್ತೆ.

ತೋರಣಗಲ್ಲು ದಾರಿ
ತೊಳೆದ ಮೇಲೆ ಬಿಳಿ ಬಿಳಿ ಕಲೆ ಉಳಿಯುತ್ತಲ್ಲ? ಡೀಸೆಲ್ ಒರೆಸಿದರೆ ಕರ್ರಗೆ ಆಗುತ್ತೆ ಅಂತಾರೆ.

ಗಂಗಾವತಿ ಗೇರ್
ಡೀಸೆಲ್, ಸೀಮೆಎಣ್ಣೆ ಯಾವುದೂ ಬ್ಯಾಡ. ರಬ್ಬರ್ ಎಣ್ಣೆ ಹೀರಿ ಉಬ್ಬುತ್ತೆ, ಅಂಚು ಮೇಲಕ್ಕೆ ಸುರುಳಿಯಾಗುತ್ತೆ, ವಾಸನೆ ಕಾರು ಬಿಟ್ಟು ಹೋಗಲ್ಲ. ಬಿಳಿ ಕಲೆ ಸವಳು ಬೋರ್ ನೀರಿನದು, ಇಲ್ಲವೇ ಬಟ್ಟೆ ಸೋಪಿನ ಪುಡಿಯದು. 1 ಪಾಲು ವಿನೆಗರ್‌ಗೆ 4 ಪಾಲು ನೀರು ಬೆರೆಸಿ ಒರೆಸಿ, ಐದು ನಿಮಿಷ ಬಿಟ್ಟು ತೊಳೀರಿ. ಕೊನೆಯ ಒಂದು ಚೊಂಬು ಕ್ಯಾನಿನ ಫಿಲ್ಟರ್ ನೀರಾದರೆ ಕಲೆ ಮತ್ತೆ ಬರಲ್ಲ.

ಸಿಂಧನೂರು ಎರೆ
ಟೈರ್ ಪಾಲಿಶ್ ಹಚ್ಚಬಹುದಲ್ಲ, ಹೊಸದರಂತೆ ಕಾಣುತ್ತೆ.

ಬಳ್ಳಾರಿ ಗ್ಯಾರೇಜ್
ದಯವಿಟ್ಟು ಹಚ್ಚಬ್ಯಾಡ್ರಿ. ಸಿಲಿಕೋನ್ ಪಾಲಿಶ್ ಜಾರುತ್ತೆ. ಬ್ರೇಕ್ ಒತ್ತೋವಾಗ ಹಿಮ್ಮಡಿಗೆ ಆಸರೆ ಕೊಡೋದು ಆ ಮ್ಯಾಟೇ. ಹೊಳಪಿಗೆ ಆಸೆಪಟ್ಟು ಆಸರೆ ಕಳಕೊಳ್ಳೋದು ಯಾಕೆ?

ಕೊಪ್ಪಳ ಕೋಟೆ
ಒಣಗಿಸೋ ಮಾತು ಉಳೀತು. ಚಳಿಗಾಲದ ಬಿಸಿಲು ಎಳೇದು, ಬೆಳಿಗ್ಗೆ ಹತ್ತಕ್ಕೆ ತೊಳೆದು ಬಿಸಿಲಿಗೇ ಹಾಕಬಹುದು ಅನ್ಸುತ್ತೆ.

ಗಂಗಾವತಿ ಗೇರ್
ಹತ್ತರ ಹೊತ್ತು ಸರಿ, ಬಿಸಿಲಿಗೆ ಅರ್ಧ ಗಂಟೆ ಸಾಕು. ನಮ್ಮ ಸೀಮೆಯ ಒಣಗಾಳಿಗೆ ನೆರಳಲ್ಲೂ ಎರಡು ಮೂರು ತಾಸಿನಲ್ಲಿ ಆರುತ್ತೆ. ಗೋಡೆ ಮೇಲೆ ಮಡಚಿ ಹಾಕಿದರೆ ಆ ಮಡಿಕೆ ಹಂಗೇ ನಿಲ್ಲುತ್ತೆ, ಹೊರಸಿನ ಮೇಲೆ ಬೋರಲು ಹಾಸಿದರೆ ಕೆಳಗೂ ಗಾಳಿ ಆಡುತ್ತೆ. ತಳಭಾಗ ಕೈಯಿಂದ ಮುಟ್ಟಿ ನೋಡಿ. ಅಲ್ಲಿ ಪಸೆ ಇದ್ದರೆ ರಬ್ಬರಿನ ಕೆಳಗೆ ನೀರು ಆರೋಕೆ ದಾರಿ ಇಲ್ಲ. ಕಾರ್ಪೆಟ್ ಮುಗ್ಗುತ್ತೆ, ತಗಡಿಗೆ ತುಕ್ಕು ಹಿಡಿಯುತ್ತೆ. ಗಾಜಿನ ಮಂಜೂ ಅಲ್ಲಿಂದಲೇ. ಈಗಾಗಲೇ ಕಾರ್ಪೆಟ್ ನೆಂದಿದ್ದರೆ ಹೊರಗಿನ ಗಾಳಿಯ ಮೋಡ್‌ನಲ್ಲಿ ಎ.ಸಿ. ಹಾಕಿ, ಗಾಳಿ ಕಾಲಿನ ಕಡೆ ತಿರುಗಿಸಿ ಓಡಿಸಿರಿ.

ಬಳ್ಳಾರಿ ಗ್ಯಾರೇಜ್
ಮತ್ತೆ ಕೂರಿಸುವಾಗ ಡ್ರೈವರ್ ಕಡೆಯ ಕೊಕ್ಕೆ ಎರಡೂ ಹಾಕಿ. ಹಳೇ ಮ್ಯಾಟಿನ ಮೇಲೆ ಹೊಸದು ಪೇರಿಸಬ್ಯಾಡ್ರಿ. ಎಂಜಿನ್ ಚಾಲೂ ಮಾಡೋ ಮೊದಲು ಮೂರೂ ಪೆಡಲ್ ತಳದವರೆಗೆ ಒತ್ತಿ ಬಿಡಿ. ಆಕ್ಸಿಲರೇಟರ್ ಅಂಚಿಗೆ ತಾಗಿದರೆ ಮ್ಯಾಟ್ ಹಿಂದಕ್ಕೆ ಎಳೀಬೇಕು.