ಫಾಸ್ಟ್‌ಎಲ್‌ಇಡಿ ಕನ್ನಡ ಪಾಠ: ಕೆಂಪು ಹಾಕಿದರೆ ಹಸಿರು ಬರುತ್ತಿದೆ, ಜೊತೆಗೆ ಇನ್ನೂ ಎರಡು ತೊಂದರೆ

ಮಿಣುಕುಹುಳ:
ಎಲ್ಲರಿಗೂ ನಮಸ್ಕಾರ. ಬಣ್ಣದ ಎಲ್‌ಇಡಿ ಸರ, ಪಟ್ಟಿಗಳನ್ನು ಕೋಡಿನಿಂದ ನಡೆಸುವ ಫಾಸ್ಟ್‌ಎಲ್‌ಇಡಿ ಲೈಬ್ರರಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಆರ್ಡುಯಿನೊ ಊನೊ ಬೋರ್ಡಿನಲ್ಲಿ ಬ್ಲಿಂಕ್ (ಒಂದು ಎಲ್‌ಇಡಿ ಮಿನುಗಿಸುವ ಮೊದಲ ಪ್ರೋಗ್ರಾಂ) ಮಾಡಿ ಮುಗಿಸಿದವರಿಗೆ, ಅಷ್ಟೇ. ಮೊದಲ ಪಾಠದಲ್ಲಿ ಸರದ ಮೊದಲ ಎಲ್‌ಇಡಿ ಕೆಂಪಾಗಿ ಮಿನುಗಬೇಕು. ನನ್ನ ಮೇಜಿನ ಮೇಲೆ ಚೆನ್ನಾಗಿಯೇ ಮಿನುಗುತ್ತಿದೆ. ಪಾಠ ಓದಿ ಮಾಡಿ ನೋಡಿದ ಗೆಳೆಯರದ್ದೇ ದೂರು.

ಒಬ್ಬರಿಗೆ ಕೆಂಪಿನ ಬದಲು ಹಸಿರು. ನೀಲಿ ಮಾತ್ರ ನೀಲಿಯಾಗಿಯೇ ಬರುತ್ತದಂತೆ. ಇನ್ನೊಬ್ಬರಿಗೆ ಕೋಡ್ ಕಂಪೈಲೇ ಆಗುತ್ತಿಲ್ಲ, ಪಟ್ಟಿ ಯಾವುದು, ಯಾವ ಪಿನ್ನಿನಲ್ಲಿದೆ ಅಂತ ಲೈಬ್ರರಿಗೆ ಹೇಳುವ ಆಡ್‌ಲೆಡ್ಸ್ ಸಾಲಿನಲ್ಲಿ ಉದ್ದಕ್ಕೆ ಎರರ್. ಅವರು ಪಿನ್ ನಂಬರನ್ನು ‘ಇಂಟ್’ (ಮಾಮೂಲಿ ಪೂರ್ಣಾಂಕದ ವೇರಿಯಬಲ್) ಅಂತ ಬರೆದುಕೊಂಡಿದ್ದಾರೆ, ಅದು ತಪ್ಪೇನಲ್ಲ ಅಲ್ವಾ? ಮೂರನೆಯವರು 60 ಎಲ್‌ಇಡಿಯ ಪಟ್ಟಿ ತಂದು, ಊನೊದ 5 ವೋಲ್ಟ್ ಪಿನ್ನಿಗೇ ಸಿಕ್ಕಿಸಿ, ಎಲ್ಲಕ್ಕೂ ಬಿಳಿ ಹಾಕಿದ್ದಾರೆ. ತುದಿ ಕಡೆ ಹೋಗ್ತಾ ಹೋಗ್ತಾ ಹಳದಿ, ಆಮೇಲೆ ಊನೊನೇ ಕಂಪ್ಯೂಟರಿನಿಂದ ಮಾಯ.

ನನ್ನ ಹತ್ತಿರ ಇರುವುದು ಡಬ್ಲ್ಯೂಎಸ್2811 ಚಿಪ್ಪಿನ ಗುಂಡು ಬಲ್ಬಿನ ಸರ, 5 ವೋಲ್ಟಿನದು. ಕೋಡಿನಲ್ಲಿ ಬಣ್ಣದ ಕ್ರಮ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ. ಗೆಳೆಯರ ಹತ್ತಿರ ಇರುವುದೆಲ್ಲ ಡಬ್ಲ್ಯೂಎಸ್2812ಬಿ ಪಟ್ಟಿ. ದೋಷ ಲೈಬ್ರರಿಯದೋ, ಪಾಠದ್ದೋ?

ಬೆಸುಗೆಕಡ್ಡಿ:
ಲೈಬ್ರರಿ ಚೆನ್ನಾಗಿಯೇ ಇದೆ. ಹಸಿರಿನ ಕಥೆ ಸುಲಭ. ಡಬ್ಲ್ಯೂಎಸ್2812ಬಿ ಚಿಪ್ಪು ಮೊದಲು ಬಂದ ಬೈಟನ್ನು ಹಸಿರು ಅಂದುಕೊಳ್ಳುತ್ತದೆ, ಎರಡನೆಯದನ್ನು ಕೆಂಪು, ಮೂರನೆಯದನ್ನು ನೀಲಿ. ಅಂದರೆ ಜಿಆರ್‌ಬಿ. ನಿಮ್ಮ ಗುಂಡು ಬಲ್ಬಿನ ಸರಗಳು ಸಾಮಾನ್ಯವಾಗಿ ಆರ್‌ಜಿಬಿ. ನಿಮ್ಮ ಕೋಡ್ ಪಟ್ಟಿಗೆ ಹೋದಾಗ ಕೆಂಪು-ಹಸಿರು ಅದಲುಬದಲಾಗುತ್ತವೆ, ನೀಲಿ ಇದ್ದಲ್ಲೇ ಇರುತ್ತದೆ. ದೂರಿನಲ್ಲಿರುವುದೂ ಅದೇ.

ಆದರೆ ಪಾಠದಲ್ಲಿ ಆರ್‌ಜಿಬಿ ಅಳಿಸಿ ಜಿಆರ್‌ಬಿ ಬರೆದರೆ ಸಾಲದು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಮ್ನೆ ‘ಎಲ್‌ಇಡಿ ಪಟ್ಟಿ’ ಅಂತ ಕೇಳಿ ತಂದವರಿಗೆ ಒಳಗೆ ಯಾವ ಚಿಪ್ಪಿದೆ ಅಂತ ಹೇಗೆ ಗೊತ್ತಾಗಬೇಕು? ಲೈಬ್ರರಿಯ ಎಕ್ಸಾಂಪಲ್ಸ್ ಮೆನುವಿನಲ್ಲಿ ‘ಆರ್‌ಜಿಬಿಕ್ಯಾಲಿಬ್ರೇಟ್’ ಅಂತ ಒಂದಿದೆ. ಅದನ್ನೇ ಮೊದಲ ಪಾಠ ಮಾಡಿ. ಕ್ರಮವನ್ನು ಆರ್‌ಜಿಬಿ ಅಂತ ಬಿಟ್ಟು ಓಡಿಸಿದರೆ ಆರು ಎಲ್‌ಇಡಿ ಹತ್ತುತ್ತವೆ. ಒಂದು ಕೆಂಪು, ಎರಡು ಹಸಿರು, ಮೂರು ನೀಲಿ ಎಲ್‌ಇಡಿ ಕಂಡರೆ ನಿಮ್ಮದು ಆರ್‌ಜಿಬಿ. ಒಂದು ಹಸಿರು, ಎರಡು ಕೆಂಪು, ಮೂರು ನೀಲಿ ಕಂಡರೆ ಜಿಆರ್‌ಬಿ. ಎಣಿಸಿದ ಕ್ರಮವೇ ಉತ್ತರ. ಲೈಬ್ರರಿ ಎಂಐಟಿ ಲೈಸೆನ್ಸಿನಲ್ಲಿದೆ, ಅಂದರೆ ಕೋಡನ್ನು ಬದಲಿಸಿ ಹಂಚಲು ಅನುಮತಿ ಇದೆ. ಹಾಗಾಗಿ ಆ ಉದಾಹರಣೆಯ ಕಮೆಂಟುಗಳನ್ನು ಕನ್ನಡದಲ್ಲೇ ಬರೆದು ಪಾಠಕ್ಕೆ ಹಾಕಿಕೊಳ್ಳಬಹುದು. ಲೈಸೆನ್ಸಿನ ಪಠ್ಯ ಮಾತ್ರ ಜೊತೆಗಿರಲಿ.

ಎರಡನೆಯದು. ‘ಇಂಟ್’ ಬೇರೆ ಪಾಠಗಳಲ್ಲಿ ತಪ್ಪಲ್ಲ, ಇಲ್ಲಿ ತಪ್ಪು. ಆಡ್‌ಲೆಡ್ಸ್‌ಗೆ ಪಿನ್ ನಂಬರ್ ಹೋಗುವುದು ಕೋನಾಕಾರದ ಬ್ರಾಕೆಟ್ಟಿನೊಳಗೆ. ಅಲ್ಲಿರುವುದು ಕಂಪೈಲ್ ಆಗುವಾಗಲೇ ಗೊತ್ತಿರಬೇಕು. ಪಿನ್ ಯಾವುದು ಅಂತ ಮೊದಲೇ ತಿಳಿದರೆ ಲೈಬ್ರರಿ ನೇರವಾಗಿ ಪೋರ್ಟಿಗೇ (ಪಿನ್ನುಗಳನ್ನು ನಡೆಸುವ ಚಿಪ್ಪಿನ ರಿಜಿಸ್ಟರಿಗೇ) ಬರೆಯುವ ಕೋಡ್ ಮಾಡಿಕೊಳ್ಳುತ್ತದೆ, ಅದರ ವೇಗ ಬರುವುದು ಅಲ್ಲಿಂದ. ‘ಕಾನ್ಸ್ಟ್ ಇಂಟ್’ (ಬದಲಾಗದ ಸಂಖ್ಯೆ) ಅಂತ ಮಾಡಿದರೆ ಸಾಕು, ಹ್ಯಾಶ್ ಡಿಫೈನ್ ಆದರೂ ಸರಿ. ಎರರ್ ಶುರುವಾಗುವುದು ಆಡ್‌ಲೆಡ್ಸ್ ಸಾಲಿನಲ್ಲಿ, ತಿದ್ದಬೇಕಾದ ಸಾಲು ಮೇಲೆ ಎಲ್ಲೋ ಇರುತ್ತದೆ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಆ ಎರರನ್ನು ಇದ್ದ ಹಾಗೇ ಪಾಠಕ್ಕೆ ಅಂಟಿಸಿ. ಹುಡುಕಿ ಬಂದವರಿಗೆ ಸಿಗಲಿ.

ಮೂರನೆಯದು ಕರೆಂಟ್. ಒಂದು ಎಲ್‌ಇಡಿ ಪೂರ್ತಿ ಬಿಳಿಯಲ್ಲಿ ಸುಮಾರು 60 ಮಿಲಿಆಂಪ್ ಎಳೆಯುತ್ತದೆ ಅಂತ ಲೆಕ್ಕ. 60 ಎಲ್‌ಇಡಿ ಅಂದರೆ 3.6 ಆಂಪ್. ಊನೊದ ಯುಎಸ್‌ಬಿ ದಾರಿಯಲ್ಲಿ ಇರುವುದು 500 ಮಿಲಿಆಂಪಿನ ಫ್ಯೂಸ್. ಅದು ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ, ಆದರೆ ಅಗ್ಗದ ನಕಲು ಬೋರ್ಡಿನಲ್ಲೂ ಇರುತ್ತದೆ ಅಂತ ನಂಬಬೇಡಿ. ತುದಿಯ ಹಳದಿಗೂ ಇದೇ ಕಾರಣ. ಪಟ್ಟಿ ಉದ್ದಕ್ಕೂ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ನೀಲಿಗೆ ಕೆಂಪಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಅದು ಮೊದಲು ಮಂಕಾಗುತ್ತದೆ.

ಓಮ್‌ರಾಯ:
ಬೆಸುಗೆಕಡ್ಡಿ ಸರ್ ಹೇಳಿದ್ದೆಲ್ಲ ಸರಿ. ಆದರೆ ಇದನ್ನೆಲ್ಲ ಮೊದಲ ಪಾಠಕ್ಕೆ ತುರುಕಬೇಡಿ. ಕರೆಂಟಿನ ಲೆಕ್ಕ ನೋಡಿದ ಕೂಡಲೇ ಅರ್ಧ ಜನ ಟ್ಯಾಬ್ ಮುಚ್ಚಿ ಹೋಗುತ್ತಾರೆ. ಕೋಡಿನಲ್ಲೇ 8 ಎಲ್‌ಇಡಿ, ಬ್ರೈಟ್‌ನೆಸ್ 255ಕ್ಕೆ 40 ಅಂತ ಇಡಿ. ಎಲ್ಲ ಬಿಳಿ ಹಾಕಿದರೂ 100 ಮಿಲಿಆಂಪ್ ದಾಟುವುದಿಲ್ಲ. ಯುಎಸ್‌ಬಿಗೆ ಆರಾಮ. ಯಾಕೆ 40 ಅನ್ನುವುದನ್ನು ಮೂರನೇ ಪಾಠದಲ್ಲಿ ಹೇಳಿ.

ಬೆಸುಗೆಕಡ್ಡಿ:
ಒಪ್ಪಿದೆ. ಆದರೆ ಯಾರಾದರೂ 8 ಅಳಿಸಿ 60 ಬರೆದೇ ಬರೆಯುತ್ತಾರೆ. ಸೆಟಪ್‌ನಲ್ಲಿ ‘ಸೆಟ್‌ಮ್ಯಾಕ್ಸ್‌ಪವರ್‌ಇನ್‌ವೋಲ್ಟ್ಸ್‌ಆಂಡ್‌ಮಿಲಿಆಂಪ್ಸ್’ ಅನ್ನುವ ಸಾಲು ಹಾಕಿ, 5 ಮತ್ತು 400 ಕೊಡಿ. ಹೆಸರು ರೈಲಿನಷ್ಟು ಉದ್ದ, ಕೆಲಸ ಒಳ್ಳೆಯದು. ಬಣ್ಣಗಳನ್ನು ಪಟ್ಟಿಗೆ ಕಳಿಸುವ ‘ಶೋ’ ಅನ್ನು ಪ್ರತಿ ಸಲ ಕರೆದಾಗ ಲೈಬ್ರರಿ ಕರೆಂಟನ್ನು ಅಂದಾಜು ಮಾಡಿ, ಮಿತಿ ಮೀರುವಂತಿದ್ದರೆ ತಾನೇ ಬೆಳಕು ತಗ್ಗಿಸುತ್ತದೆ. ಅಳತೆ ಅಲ್ಲ, ಬರೀ ಅಂದಾಜು. ಅದಕ್ಕೇ 500 ಕೊಡಬೇಡಿ.

ಬೇರೆ 5 ವೋಲ್ಟ್ ಅಡಾಪ್ಟರ್ ಬಳಸುವ ಪಾಠ ಬಂದಾಗ, ಅಡಾಪ್ಟರಿನ ಗ್ರೌಂಡ್ ಮತ್ತು ಊನೊದ ಗ್ರೌಂಡ್ ಸೇರಿಸಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಸೇರಿಸದಿದ್ದರೆ ಪಟ್ಟಿ ಮನಸ್ಸಿಗೆ ಬಂದ ಹಾಗೆ ಮಿನುಗುತ್ತದೆ. ಓದುವವರು ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ.

ಮಿಣುಕುಹುಳ:
ಇಬ್ಬರಿಗೂ ಧನ್ಯವಾದ. ‘ಕಾನ್ಸ್ಟ್’ ಸೇರಿಸಿದ ಮೇಲೆ ಕಂಪೈಲ್ ಆಯಿತು. ಹಸಿರು ಬಂದವರಿಗೆ ಕ್ಯಾಲಿಬ್ರೇಟ್ ಕಳಿಸಿದೆ, ಜಿಆರ್‌ಬಿ ಅಂತ ಅವರೇ ಎಣಿಸಿ ಹೇಳಿದರು. ಈಗ ಹೊಸದಾಗಿ ಒಬ್ಬರು ಬಂದಿದ್ದಾರೆ. ಕೋಡ್ ಅಪ್‌ಲೋಡ್ ಆಗುತ್ತದೆ, 5 ವೋಲ್ಟ್ ಬರುತ್ತಿದೆ, ಒಂದು ಎಲ್‌ಇಡಿಯೂ ಹತ್ತುತ್ತಿಲ್ಲ.

ಓಮ್‌ರಾಯ:
ಪಟ್ಟಿಯ ಮೇಲೆ ಚಿಕ್ಕ ಬಾಣ ಅಚ್ಚಾಗಿರುತ್ತದೆ. ಅದು ಊನೊ ಕಡೆಯಿಂದ ಆಚೆಗೆ ಹೋಗಬೇಕು. ಅವರು ಡೇಟಾ ವೈರನ್ನು ಡಿಔಟ್ (ಡೇಟಾ ಹೊರಗೆ ಹೋಗುವ) ತುದಿಗೆ ಹಾಕಿರಬಹುದು, ಹಾಕಬೇಕಾದ್ದು ಡಿಇನ್‌ಗೆ (ಡೇಟಾ ಒಳಬರುವ ತುದಿಗೆ). ಒಂದು ಫೋಟೊ ಕಳಿಸೋಕೆ ಹೇಳಿ.

ಮಿಣುಕುಹುಳ:
ಫೋಟೊ ಬಂತು, ಡಿಔಟೇ. ಇನ್ನೊಂದು ತುದಿಗೆ ಹಾಕಿದ ಕೂಡಲೇ ಕ್ಯಾಲಿಬ್ರೇಟಿನ ಆರೂ ಎಲ್‌ಇಡಿ ಹತ್ತಿದವು. ಅವರನ್ನು ಕೇಳಿ ಆ ಫೋಟೊವನ್ನೇ ಪಾಠದ ವೈರಿಂಗ್ ಭಾಗಕ್ಕೆ ಹಾಕುತ್ತೇನೆ, ಬಾಣಕ್ಕೊಂದು ಕೆಂಪು ಸುತ್ತು ಹಾಕಿ.