ಬರಗಾಲದ ಟ್ಯಾಂಕರ್ ನೀರು ಪೂರೈಕೆಯನ್ನು ಮೌಲ್ಯಮಾಪನ ಮಾಡುವುದು ಹೇಗೆ?

ಪ್ರಶ್ನೆ (ಚಳ್ಳಕೆರೆ ತಾಲ್ಲೂಕಿನಿಂದ)

ಮಾನ್ಯರೇ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ಮೇಲೆ, ಮರುವರ್ಷದ ಬೇಸಿಗೆಯಲ್ಲಿ ನಮ್ಮ ಪಂಚಾಯಿತಿಯ ಹಳ್ಳಿಗಳಿಗೂ ಟ್ಯಾಂಕರ್ ನೀರು ಬಂತು. ಮುಂದಿನ ಬರಕ್ಕೆ ಮುನ್ನ ಆ ಪೂರೈಕೆಯ ಮೌಲ್ಯಮಾಪನ ನಡೆಸಿ ಗ್ರಾಮಸಭೆಯ ಮುಂದಿಡಬೇಕೆಂದು ನಾವು ಕೆಲವರು ತೀರ್ಮಾನಿಸಿದ್ದೇವೆ. ಟ್ರಿಪ್‌ಗಳ ಸಂಖ್ಯೆ, ಬಾಡಿಗೆಯ ಬಿಲ್ಲು ಎಲ್ಲವೂ ಕಡತದಲ್ಲಿ ಕ್ರಮವಾಗಿವೆ. ಆದರೂ ಊರಾಚೆಯ ಹಟ್ಟಿಯವರು ತಮಗೆ ನೀರು ಸಾಲಲಿಲ್ಲವೆಂದೇ ಹೇಳುತ್ತಾರೆ. ಈ ಎರಡನ್ನೂ ಗೌರವಿಸುವ ಅಳತೆ ಯಾವುದು?

ಉತ್ತರ 1 (ದಾವಣಗೆರೆಯಿಂದ)

ಟ್ರಿಪ್‌ಗಳ ಲೆಕ್ಕವು ಆಡಳಿತ ಮಾಡಿದ ಕೆಲಸವನ್ನು ತೋರಿಸುತ್ತದೆಯೇ ಹೊರತು ಜನರಿಗೆ ದಕ್ಕಿದ್ದನ್ನಲ್ಲ. ಆದ್ದರಿಂದ ಮನೆಯಿಂದಲೇ ಆರಂಭಿಸಿ. 6,000 ಲೀಟರ್‌ನ ಒಂದು ಟ್ಯಾಂಕರ್ ತಲಾ ಐದು ಜನರಿರುವ ನೂರು ಮನೆಗಳಿಗೆ ದಿನಕ್ಕೊಮ್ಮೆ ಬಂದರೆ ತಲೆಗೆ 12 ಲೀಟರ್ ಮಾತ್ರ ಸಿಗುತ್ತದೆ. ತುರ್ತು ಸಂದರ್ಭಗಳಿಗೆ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಪರಿಹಾರ ಕಾರ್ಯದ ಮಾನದಂಡ ಹೇಳುವ ಕನಿಷ್ಠ ಪ್ರಮಾಣ ದಿನಕ್ಕೆ ತಲಾ 15 ಲೀಟರ್. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನ ಗುರಿ 55 ಲೀಟರ್. ಆ 12 ಲೀಟರ್ ಕೂಡ ಸರಾಸರಿಯ ಮಾತಾಯಿತು. ತೊಂಬೆಯ ಪಕ್ಕದ ಮನೆ ಹತ್ತು ಕೊಡ ತುಂಬಿಕೊಂಡು ಕೊನೆಯ ಮನೆ ಎರಡೇ ಕೊಡ ಒಯ್ದರೂ ಸರಾಸರಿ ಬದಲಾಗುವುದಿಲ್ಲ. ನಿಮ್ಮ ವರದಿಯ ಮುಖ್ಯ ಅಂಕಿ ಹಟ್ಟಿಯ ಕೊನೆಯ ಮನೆಯದ್ದಾಗಿರಲಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಎರಡನೆಯದು ಕಾಲ. ಕೊಳವೆಬಾವಿ ಬತ್ತಿದ್ದು ಯಾವಾಗ, ನೀರುಗಂಟಿಗೆ ಅಥವಾ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ತಿಳಿಸಿದ್ದು ಯಾವಾಗ, ಮೊದಲ ಟ್ಯಾಂಕರ್ ಬಂದದ್ದು ಯಾವಾಗ ಎಂಬ ಮೂರನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಿ. ಕಡತದಲ್ಲಿ ಸಾಮಾನ್ಯವಾಗಿ ಕೊನೆಯದೊಂದೇ ಇರುತ್ತದೆ; ಸಂಕಟದ ದಿನಗಳು ಕಳೆದಿರುವುದು ಅದಕ್ಕಿಂತ ಮೊದಲು. ಜನರಿಗೆ ತಾರೀಖು ನೆನಪಿರದಿದ್ದರೂ, ನಾಯಕನಹಟ್ಟಿ ಜಾತ್ರೆಗೆ ಮೊದಲೋ, ಯುಗಾದಿ ಕಳೆದ ಮೇಲೋ ಎಂದು ಕೇಳಿದರೆ ಖಚಿತವಾಗಿ ಹೇಳುತ್ತಾರೆ. ಈ ಪ್ರಶ್ನೆಗಳನ್ನು ನೀರು ಹೊತ್ತ ಹೆಣ್ಣುಮಕ್ಕಳಿಗೇ ಕೇಳಬೇಕು.

ಉತ್ತರ 2 (ಹಿರಿಯೂರಿನಿಂದ)

ಮೇಲಿನ ಮಾತಿಗೆ ನನ್ನ ಸಮ್ಮತಿಯಿದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಮುಂಗಾರು ಪೂರ್ವ ಮಳೆ ಬಿದ್ದು ದೂರುಗಳು ನಿಂತರೆ ಅದನ್ನು ಟ್ಯಾಂಕರ್ ವ್ಯವಸ್ಥೆಯ ಯಶಸ್ಸೆಂದು ಬರೆಯಲಾಗದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿರುವುದರಿಂದ, ನಿಮ್ಮಷ್ಟೇ ಮಳೆ ಕಂಡ ನೆರೆಯ ಹಳ್ಳಿಗಳನ್ನು ಆರಿಸಿಕೊಂಡು ಹೋಲಿಸಬಹುದು. ವಾಣಿವಿಲಾಸ ಸಾಗರ ಜಲಾಶಯದ ಕೊಳವೆ ನೀರು ಸಿಗುವ ಊರುಗಳನ್ನು ಮಾತ್ರ ಈ ಹೋಲಿಕೆಗೆ ತರಬೇಡಿ.

ನೀರಿನ ಗುಣಮಟ್ಟವನ್ನು ಬಿಟ್ಟರೆ ಮೌಲ್ಯಮಾಪನ ಅರ್ಧವಾಗುತ್ತದೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಬಾಡಿಗೆಗೆ ಪಡೆದ ಖಾಸಗಿ ಕೊಳವೆಬಾವಿಗಳ ನೀರನ್ನು ಪೂರೈಕೆಗೆ ಮುನ್ನ ಪರೀಕ್ಷಿಸಿದ ವರದಿ ಇದೆಯೇ ಎಂದು ಕೇಳಿ. ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ಕೊಡಲೇಬೇಕು.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಟ್ಟಿಯ ಹಿರಿಯರ ಮುಖ್ಯ ದೂರು ದನಕರುಗಳದ್ದು, ಅದರಲ್ಲೂ ದೇವರಿಗೆ ಬಿಟ್ಟ ದೇವರ ಎತ್ತುಗಳದ್ದು. ಅವನ್ನು ಗೋಶಾಲೆಗೆ ಕಳುಹಿಸಲು, ಅವುಗಳನ್ನು ಕಾಯುವ ಕಿಲಾರಿಗಳು ಒಪ್ಪುವುದಿಲ್ಲ. ಇದನ್ನು ವರದಿಯಲ್ಲಿ ಸೇರಿಸಬಹುದೇ?

ಉತ್ತರ 3 (ಚಿತ್ರದುರ್ಗದಿಂದ)

ಖಂಡಿತ ಸೇರಿಸಬೇಕು. ಜನಸಂಖ್ಯೆಯ ಮೇಲಷ್ಟೇ ಟ್ರಿಪ್ ನಿಗದಿ ಮಾಡಿದ ಕಡೆ ಜನರು ತಮ್ಮ ಪಾಲಿನ ನೀರನ್ನೇ ದನಗಳಿಗೆ ಹಂಚುತ್ತಾರೆ. ನಿಮ್ಮಲ್ಲಿ ಕಡತಕ್ಕೂ ಹಟ್ಟಿಯ ಮಾತಿಗೂ ಇರುವ ಅಂತರಕ್ಕೆ ಇದೂ ಒಂದು ಕಾರಣವಾಗಿರಬಹುದು. ಮನೆಮನೆ ಸಮೀಕ್ಷೆಯಲ್ಲಿ ಜಾನುವಾರುಗಳ ಸಂಖ್ಯೆಗೆ ಬೇರೆ ಕಾಲಂ ಇಡಿ; ದೇವರ ಎತ್ತುಗಳು ಯಾರ ಮನೆಯ ಲೆಕ್ಕಕ್ಕೂ ಸೇರದಿರುವುದರಿಂದ ಕಿಲಾರಿಗಳನ್ನು ಪ್ರತ್ಯೇಕವಾಗಿ ಭೇಟಿಯಾಗಿ.

ವರದಿಯನ್ನು ಗ್ರಾಮಸಭೆಗೆ ಮಾತ್ರ ಸೀಮಿತಗೊಳಿಸಬೇಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ, ಅದರ ಜಿಲ್ಲಾ ಯೋಜನೆಯನ್ನು ಪ್ರತಿವರ್ಷ ಪರಿಷ್ಕರಿಸಬೇಕೆಂಬ ನಿಯಮವೂ ಇದೆ. ಗ್ರಾಮಸಭೆಯ ನಿರ್ಣಯದ ಪ್ರತಿಯೊಡನೆ ವರದಿಯನ್ನು ಆ ಪ್ರಾಧಿಕಾರಕ್ಕೂ, ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಟಾಸ್ಕ್‌ಫೋರ್ಸ್‌ಗೂ ಬೇಸಿಗೆಗೆ ಮುನ್ನವೇ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.